ಸತ್ಯಾಂಶ: ಸಹಿ, ಮಿನುಗು ಇದ್ದ ಮಾತ್ರಕ್ಕೆ ಸುರಿಮೋನೊ ಅಸಲಿಯಲ್ಲ

ಜಪಾನಿನ ಕವಿಕೂಟಗಳು ಹೊಸವರ್ಷಕ್ಕೆ ಹಂಚಲೆಂದು ಖಾಸಗಿಯಾಗಿ ಮಾಡಿಸುತ್ತಿದ್ದ, ಕವಿತೆಗಳೂ ಇರುವ ಮರದಚ್ಚಿನ ಚಿತ್ರಗಳೇ ಸುರಿಮೋನೊ. ಕಲಾವಿದನ ಸಹಿ, ಕಾಗದದ ಉಬ್ಬು, ಲೋಹದ ಮಿನುಗು ಇದ್ದರೆ ಅದು 200 ವರ್ಷ ಹಳೆಯದೇ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ನಂಬುವಂತೆಯೇ ಇದೆ, ಆದರೆ ಸರಿಯಲ್ಲ.

ಸಹಿ ಕೈಬರಹವಲ್ಲ, ಹಲಗೆಯಲ್ಲೇ ಕೆತ್ತಿದ್ದು. 1890ರ ದಶಕದ ಹೊತ್ತಿಗೆ ನುರಿತ ಕೆತ್ತನೆಗಾರರು ಹೊಸ ಹಲಗೆಗಳನ್ನು ಕೆತ್ತಿ, ಸಹಿ, ಉಬ್ಬು, ಮಿನುಗು ಸಮೇತ ಅನೇಕ ಸುರಿಮೋನೊಗಳನ್ನು ಮರುಮುದ್ರಿಸಿದರು. ಆ ಪ್ರತಿಗಳಿಗೂ ಈಗ ನೂರು ದಾಟಿದೆ, ಹಾಗಾಗಿ ಕಾಗದ ಹಳದಿಯಾಗಿರುವುದೂ ಪುರಾವೆಯಲ್ಲ.

ಪರೀಕ್ಷಿಸುವುದು ಹೀಗೆ: ಅದೇ ಚಿತ್ರದ ಎರಡು ಮೂರು ಪ್ರತಿಗಳನ್ನು ವಸ್ತುಸಂಗ್ರಹಾಲಯಗಳ ಆನ್‌ಲೈನ್ ಸಂಗ್ರಹದಲ್ಲಿ ಹುಡುಕಿ. ವಿವರಣೆಯನ್ನೂ ಓದಿ, ಅಲ್ಲಿಯೂ ಮರುಮುದ್ರಣಗಳಿರುತ್ತವೆ. ಕೂದಲಿನ ಎಳೆ, ಕವಿತೆಯ ಅಕ್ಷರಗಳ ತುದಿ ಹೋಲಿಸಿ. ಹಲಗೆ ಸವೆದರೆ ಗೆರೆ ತುಂಡಾಗುತ್ತದೆ, ಬಾಗು ಬದಲಾಗದು. ಬಾಗೇ ಬೇರೆಯಾದರೆ ಹಲಗೆಯೂ ಬೇರೆ. ಮರುಮುದ್ರಣದಲ್ಲಿ ಅಕ್ಷರಗಳು ಸಾಮಾನ್ಯವಾಗಿ ಸಹಜ ಓಟವಿಲ್ಲದೆ ಬಿಗಿಯಾಗಿ ಕಾಣುತ್ತವೆ. ಟಾರ್ಚನ್ನು ಕಾಗದಕ್ಕೆ ಓರೆಯಾಗಿ ಹಿಡಿದರೆ ಉಬ್ಬಿನ ಆಳ ತಿಳಿಯುತ್ತದೆ. ಮಾರಾಟದ ಫೋಟೊದಲ್ಲಿ ಅದು ಕಾಣದು. 10 ಪಟ್ಟಿನ ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕಿ ಕಂಡರೆ ಅದು ಯಂತ್ರದ ಆಫ್‌ಸೆಟ್ ಮುದ್ರಣ, ಮರದಚ್ಚೇ ಅಲ್ಲ.

ಚೌಕಾಕಾರದವು ಸುಮಾರು 20×18 ಸೆಂ.ಮೀ. ಇರುತ್ತವೆ. ಅಂಚು ಕತ್ತರಿಸಿರುವ ಸಾಧ್ಯತೆ ಇರುವುದರಿಂದ ಅಳತೆಯೊಂದನ್ನೇ ನೆಚ್ಚಬೇಡಿ.