ಮೂರನೇ ಹೆಜ್ಜೆ ಫೋಟೋದಲ್ಲಿಲ್ಲ

ದಾವಣಗೆರೆಯಲ್ಲಿ ಕ್ರಿಕೆಟ್ ಅಂಪೈರನ್ನು ಬೈಯುವವರಿಗೆ ಕ್ರಿಕೆಟ್ ಗೊತ್ತಿರುತ್ತದೆ. ಬ್ಯಾಸ್ಕೆಟ್‌ಬಾಲ್ ರೆಫ್ರಿಗೆ ಆ ಭಾಗ್ಯವೂ ಇಲ್ಲ. ನಾನು ಯಾಕೆ ವಿಷಲ್ ಊದಿದೆ ಅಂತ ಗ್ಯಾಲರಿಯ ಅರ್ಧ ಜನಕ್ಕೆ ತಿಳಿಯುವುದಿಲ್ಲ. ಊದಿದ್ದು ತಪ್ಪು ಅನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಕೈಸನ್ನೆಗಳಾದರೂ ಕಾಪಾಡಬೇಕಿತ್ತು. ಟ್ರಾವೆಲಿಂಗ್ (ಚೆಂಡು ನೆಲಕ್ಕೆ ಬಡಿಯದೆ ಕೈಲೇ ಹಿಡಿದು ಹೆಚ್ಚು ಹೆಜ್ಜೆ ಹಾಕಿದ್ದು) ಆದರೆ ಎರಡೂ ಮುಷ್ಟಿ ಎದೆಯ ಮುಂದೆ ಒಂದರ ಸುತ್ತ ಒಂದು ತಿರುಗಿಸಬೇಕು. ಒಮ್ಮೆ ಹಾಗೆ ತಿರುಗಿಸುತ್ತಿದ್ದಾಗ ಮುಂದಿನ ಸಾಲಿನ ಹಿರಿಯರೊಬ್ಬರು, ಊರಿನ ಹತ್ತಿಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ದುಡಿದವರು, ಇಡೀ ಹಾಲಿಗೆ ಕೇಳುವಂತೆ ವಿಚಾರಿಸಿದರು: "ನೂಲು ಚೆನ್ನಾಗಿ ಸುತ್ತುತೀರಲ್ಲ ಸಾರ್, ಯಾವ ಮಿಲ್‌ನಾಗಿದ್ರಿ?" ಆಟಗಾರರೂ ನಕ್ಕರು. ನಕ್ಕಿದ್ದಕ್ಕೆ ಫೌಲ್ ಕೊಡಲು ಬರುವುದಿಲ್ಲ. ಬ್ಲಾಕಿಂಗ್‌ಗೆ (ಎದುರಾಳಿಯ ದಾರಿಗೆ ತಪ್ಪಾಗಿ ಅಡ್ಡ ನಿಂತದ್ದಕ್ಕೆ) ಎರಡೂ ಕೈ ಸೊಂಟದ ಮೇಲಿಟ್ಟು ನಿಂತರೆ, "ಯಾರ ಮೇಲ್ರೀ ಸಿಟ್ಟು?" ಅಂತ ಇನ್ನೊಂದು ಮೂಲೆಯಿಂದ ಪ್ರಶ್ನೆ.

2017ರಲ್ಲಿ ನಿಯಮ ಬದಲಾದಾಗಿನಿಂದ ಇನ್ನೊಂದು ತಲೆನೋವು ಸೇರಿಕೊಂಡಿದೆ. ಓಡುತ್ತಾ ಚೆಂಡು ಕೈಗೆ ಸಿಕ್ಕ ಗಳಿಗೆಯಲ್ಲಿ ನೆಲದ ಮೇಲಿರುವ ಕಾಲನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಸೊನ್ನೆ. ಆಮೇಲಿನ ಎರಡು ಹೆಜ್ಜೆ ಸಲ್ಲುತ್ತದೆ, ಮೂರನೆಯದು ಟ್ರಾವೆಲಿಂಗ್. ಇದನ್ನು ಗ್ಯಾಲರಿಗೆ ಯಾರು ಹೇಳಬೇಕು? ಹುಡುಗ ಚೆಂಡು ಹಿಡಿದ ತಕ್ಷಣ ಮೇಲಿನಿಂದ "ಒಂದು, ಎರಡು, ಮೂರೂ!" ಅಂತ ಕೋರಸ್. ನಾನು ಸೊನ್ನೆಯಿಂದ ಶುರುಮಾಡಿದವನು, ಬಾಯಿ ಮುಚ್ಚಿಕೊಂಡು ಅವನ ಹಿಂದೆ ಓಡುತ್ತೇನೆ.

ನೆಲದ ಕತೆ ಇನ್ನೊಂದು. ಒಂದೇ ಹಾಲಿನಲ್ಲಿ ಬ್ಯಾಡ್ಮಿಂಟನ್, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಮೂರಕ್ಕೂ ಬಣ್ಣಬಣ್ಣದ ಗೆರೆ ಎಳೆದಿರುತ್ತಾರೆ. ಹೊಸ ಹುಡುಗನೊಬ್ಬ ವಾಲಿಬಾಲಿನ ಗೆರೆ ಮುಟ್ಟಿದ್ದಕ್ಕೇ ಔಟ್ ಆದೆ ಅಂದುಕೊಂಡು ಚೆಂಡನ್ನು ಮರ್ಯಾದೆಯಿಂದ ನನ್ನ ಕೈಗೆ ತಂದುಕೊಟ್ಟ. ಅಷ್ಟು ಪ್ರಾಮಾಣಿಕತೆಗೆ ನಿಯಮಪುಸ್ತಕದಲ್ಲಿ ಜಾಗವಿಲ್ಲ. ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು ಇರುವ 24 ಸೆಕೆಂಡು ಎಣಿಸುವ ಗಡಿಯಾರ ನಮ್ಮ ಸಣ್ಣ ಟೂರ್ನಿಗಳಲ್ಲಿ ಎಷ್ಟೋ ಸಲ ಟೇಬಲ್ಲಿನ ಮೇಲೊಂದು ಸ್ಟಾಪ್‌ವಾಚ್ ಮಾತ್ರ. ಅದನ್ನು ಒತ್ತುವ ಬೆರಳು ಮಂಡಕ್ಕಿ-ಮಿರ್ಚಿಯ ಪೊಟ್ಟಣದಲ್ಲಿದ್ದರೆ 24 ಸೆಕೆಂಡು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದು ಮಿರ್ಚಿಯ ಖಾರಕ್ಕೆ ಬಿಟ್ಟದ್ದು.

ವಿಷಲ್ ಇಲ್ಲದ ದಿನ ನನ್ನ ಕೊರಳಲ್ಲಿ ಕ್ಯಾಮೆರಾ. ಒಳಾಂಗಣದ ಆಟ ಹಿಡಿಯುವುದು ಬೆಳಕನ್ನು ಸಾಲ ಕೇಳುವ ಕೆಲಸ. ಹಾರುವ ಹುಡುಗನನ್ನು ನಿಲ್ಲಿಸಲು ಶಟರ್ ವೇಗ 1/500 ಸೆಕೆಂಡ್ ಆದರೂ ಬೇಕು. ಅಷ್ಟು ವೇಗಕ್ಕೆ ಆ ಬೆಳಕು ಸಾಲದು, ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಐಎಸ್ಒ ಅಳತೆಯನ್ನು 6400ಕ್ಕೆ ಏರಿಸಿದರೆ ಮುಖದ ಮೇಲೆಲ್ಲ ರವೆಯಂಥ ಚುಕ್ಕೆ. ಹೆಚ್ಚು ಬೆಳಕು ಒಳಬಿಡುವ ಎಫ್/2.8 ಜೂಮ್ ಲೆನ್ಸ್ ತರೋಣವೆಂದರೆ ಎಷ್ಟೋ ಲೆನ್ಸಿನ ಬೆಲೆ ಲಕ್ಷ ದಾಟುತ್ತದೆ, ಮನೆಯಲ್ಲಿ ಆ ಮಾತೆತ್ತಿದ ದಿನ ಸಾರಿಗೆ ಉಪ್ಪಿರಲಿಲ್ಲ. ಫ್ಲ್ಯಾಶ್ ಹೊಡೆದರೆ ಬುಟ್ಟಿಯತ್ತ ನೋಡುತ್ತಿರುವ ಹುಡುಗನ ಕಣ್ಣು ಕುಕ್ಕುತ್ತದೆ, ಅದು ಸಲ್ಲದು. ಸಾಲದ್ದಕ್ಕೆ ಅಗ್ಗದ ದೀಪಗಳು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು; ಸುತ್ತಿಗೆ ಎರಡರಂತೆ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ್ದು ವೇಗದ ಶಟರಿಗೆ ಪಟ್ಟೆಪಟ್ಟೆಯಾಗಿ ಸಿಗುತ್ತದೆ. ಒಬ್ಬ ತಾಯಿ ಫೋಟೋ ನೋಡಿ, "ಅಣ್ಣಾ, ನಮ್ಮ ಹುಡುಗನ ತಲೆ ಹಸಿರು, ಹೊಟ್ಟೆ ಹಳದಿ ಯಾಕಾಗಿದೆ? ಊಟ ಸರಿಯಾಗಿ ಮಾಡ್ತಿಲ್ವಾ?" ಅಂದರು. ನಾನು ಹರ್ಟ್ಸ್ ವಿವರಿಸಿದೆ. ಅವರು ಅವನಿಗೆ ಸಂಜೆಯಿಂದಲೇ ರಾಗಿಗಂಜಿ ಶುರುಮಾಡಿದರಂತೆ.

ರೆಫ್ರಿಯೇ ಫೋಟೋಗ್ರಾಫರ್ ಅಂದಮೇಲೆ ಸಾಕ್ಷಿಯೂ ಅವನೇ ಅಂತ ಜನರ ನಂಬಿಕೆ. ಒಂದು ಫೈನಲ್‌ನಲ್ಲಿ ವಿಷಲ್ ಬೇರೆಯವರದು, ಕ್ಯಾಮೆರಾ ನನ್ನದು. ಕೊನೆಯ ಬಾಸ್ಕೆಟ್ಟಿಗೆ ಸೋತ ತಂಡದ ಕೋಚ್ ಓಡಿಬಂದು ನನ್ನ ಕ್ಯಾಮೆರಾ ಪರದೆಗೆ ಮೂಗು ಅಂಟಿಸಿದರು.

"ನೋಡ್ರಿ, ಇದೇ ಮೂರನೇ ಹೆಜ್ಜೆ!"

"ಸಾರ್, ಎರಡೂ ಕಾಲು ಗಾಳಿಯಲ್ಲಿದಾವೆ."

"ಅದೇ ಮತ್ತೆ! ಮೂರನೇದು ಇಡದೆ ಅಷ್ಟು ಮೇಲೆ ಹಾರೋಕಾಗ್ತದಾ?"

ಗೆದ್ದ ತಂಡದ ಹುಡುಗನ ಅಣ್ಣ ಹೆಗಲ ಮೇಲಿಂದ ಇಣುಕಿ, "ಇದು ಒಂದನೇ ಹೆಜ್ಜೆ ಕಣ್ರೀ, ಕಣ್ಣಿಲ್ವಾ?" ಅಂದ. ಹಿಂದಿನ ಫ್ರೇಮ್ ತೋರಿಸಿದೆ, ಅಡ್ಡಲಾಗಿ ಯಾರದೋ ಬೆನ್ನು. ಅದರ ಹಿಂದಿನದರಲ್ಲಿ ಎಡಗಾಲು ಇತ್ತು, ಚೆಂಡಿರಲಿಲ್ಲ. ಒಂದೊಂದು ಫ್ರೇಮಿಗೂ ಇಬ್ಬರಿಗೂ ಹೊಸ ಧೈರ್ಯ ಬಂತು. ಬ್ಯಾಟರಿ ಸತ್ತಿದ್ದರಿಂದ ಆ ದಿನ ಶಾಂತಿ ನೆಲೆಸಿತು.

ಇಡೀ ಟೂರ್ನಿಯಲ್ಲಿ ಒಂದಿಷ್ಟೂ ಅಲುಗದೆ ಬಂದದ್ದು ಮುಖ್ಯ ಅತಿಥಿಗಳ ಫೋಟೋ. ಉದ್ಘಾಟನೆಗೆ ಚೆಂಡು ಎರಡೂ ಕೈಲಿ ಹಿಡಿದು, ಸೆಂಟರ್ ಸರ್ಕಲ್‌ನಿಂದ ಬುಟ್ಟಿಯ ಕೆಳಗಿನವರೆಗೂ ನಡೆದೇ ಹೋದರು. ಸೊನ್ನೆಯಿಂದ ಎಣಿಸಿದರೂ ಆ ನಡಿಗೆಗೆ ಕ್ಷಮೆ ಇರಲಿಲ್ಲ, ಯಾರೂ ಎಣಿಸಲೂ ಇಲ್ಲ. ಕೆಳಗೆ ನಿಂತು ಕ್ಯಾಮೆರಾ ಕಡೆ ತಿರುಗಿ, ಪೋಸ್ ಕೊಟ್ಟು, ಕೇಳಿದರು: "ಬಂತೇನಪ್ಪಾ?" ಶಟರ್ 1/60 ಧಾರಾಳವಾಯಿತು. ಫ್ಲೆಕ್ಸಿಗೆ ಹೋದದ್ದು ಅದೇ. ಹುಡುಗರು ಕೆಳಗೆ ಸ್ಟ್ಯಾಂಪ್ ಸೈಜಿನಲ್ಲಿದ್ದಾರೆ, ಕೆಲವರು ಹಸಿರು.