ನಾನಾ ಜೂ ನಾನಾ

ಬೆಳಗಿನ ಜಾವದ ಮಂಗಳದವರೆಗೂ ಜನ ಕದಲದೆ ಬಯಲಾಟ ನೋಡುವ ಊರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದುವಾಗ ಮೃದಂಗದ ತನಿ ಆವರ್ತನ ಆರಂಭವಾಗುತ್ತಲೇ ಕಾಫಿಗೆ ಹೊರಡುವ ರಸಿಕರಿಂದ ಕಾಲು ತುಳಿಸಿಕೊಂಡು ಸಂಗೀತ ಕೇಳಿದವನಾದ್ದರಿಂದ, ಕಛೇರಿಯಲ್ಲಿ ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬೇಕು ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲವೆಂದು ನಂಬಿದ್ದೆ. ಉದ್ಯೋಗನಿಮಿತ್ತ ಟೋಕಿಯೊ ಸೇರಿ, ಭಾರತೀಯ ಕುಟುಂಬಗಳು ಹೆಚ್ಚಾಗಿರುವ ನಿಶಿಕಸಾಯಿಯಲ್ಲಿ ಮನೆ ಮಾಡಿ, ಸಹೋದ್ಯೋಗಿಯೊಬ್ಬನ ಸಹವಾಸದಿಂದ ಜಪಾನಿ ರಾಕ್ ಸಂಗೀತದ ಹುಚ್ಚು ಹತ್ತಿದ ಮೇಲೆ ಆ ನಂಬಿಕೆ ಕಂತುಕಂತಾಗಿ ಕರಗಿತು.

ಅಲ್ಲಿ ಟಿಕೆಟ್ಟನ್ನು ಕೊಳ್ಳುವ ಮೊದಲು ಗೆಲ್ಲಬೇಕು. ಹೆಸರುವಾಸಿ ತಂಡವೆಂದರೆ ಲಾಟರಿ ಖಚಿತ. ಮೊದಲ ಸುತ್ತು ಅಭಿಮಾನಿ ಸಂಘದ ಸದಸ್ಯರಿಗೆ, ಮಿಕ್ಕಿದ್ದು ನಮ್ಮಂಥವರಿಗೆ. ಅರ್ಜಿಯಲ್ಲಿ ಹೆಸರನ್ನು ಕತಕಾನ ಲಿಪಿಯಲ್ಲಿ ಬರೆಯಬೇಕು. ಒತ್ತಕ್ಷರಗಳಿಗೆ ಜಾಗವಿಲ್ಲದ ಆ ಲಿಪಿಯಲ್ಲಿ ಸುಬ್ರಹ್ಮಣ್ಯನೆಂಬ ನಾನು 'ಸುಬುರಾಹುಮನ್ಯಾ' ಆಗಿ, ಕುಕ್ಕೆಯ ದೇವರೇ ಗುರುತು ಹಿಡಿಯದಂತಾದೆ. ಮೊದಲ ಉತ್ತರ ಬಂದಾಗ ಓದಲು ಬಂದದ್ದು ಎರಡೇ ಪದ, 'ಝನ್ನೆನ್ ನಗರ'. ಜಯನಗರ, ರಾಜಾಜಿನಗರಗಳಂತೆ ಅದೂ ಒಂದು ಬಡಾವಣೆಯಾಗಿರಬೇಕು, ಕಛೇರಿ ಅಲ್ಲಿಯೇ ನಡೆಯುತ್ತಿರಬೇಕು ಎಂದುಕೊಂಡು ಭೂಪಟದಲ್ಲಿ ಅರ್ಧ ಗಂಟೆ ಹುಡುಕಿದೆ. 'ವಿಷಾದದ ಸಂಗತಿಯೆಂದರೆ' ಎಂದು ಅದರ ಅರ್ಥವಂತೆ. ಆ ಬಡಾವಣೆಯಲ್ಲಿ ನಾನು ಎರಡು ವರ್ಷ ವಾಸವಾಗಿದ್ದೆನೆಂದರೆ ತಪ್ಪಾಗದು. ಗಾಂಧಿನಗರದ ಚಿತ್ರಮಂದಿರಗಳೆದುರು ಒಂದು ಕಾಲದಲ್ಲಿ ಸಿಗುತ್ತಿದ್ದ ಬ್ಲ್ಯಾಕ್ ಟಿಕೆಟ್ಟಿನ ದಾರಿಯೂ ಇರಲಿಲ್ಲ. ಲಾಭಕ್ಕಾಗಿ ಟಿಕೆಟ್ ಮರುಮಾರಾಟ ಮಾಡುವುದನ್ನು ತಡೆಯುವ ಕಾನೂನು 2019ರ ಜೂನ್‌ನಿಂದ ಜಾರಿಯಲ್ಲಿದೆ.

ದೊಡ್ಡ ಸಭಾಂಗಣ ಒಲಿಯದ್ದರಿಂದ ಶಿಮೊಕಿತಜಾವಾದ ನೆಲಮಾಳಿಗೆಗಳಿಗೆ ಇಳಿದೆ. 'ರೈಬು ಹೌಸು' ಎಂದು ಕರೆಯುವ ಈ ಪುಟ್ಟ ಸಂಗೀತಮಂದಿರಗಳಲ್ಲಿ ಸಾಮಾನ್ಯವಾಗಿ ಕುರ್ಚಿಗಳಿರುವುದಿಲ್ಲ. ಟಿಕೆಟ್ಟಿನ ಕ್ರಮಸಂಖ್ಯೆಯನ್ನು ಕೂಗಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ, ಬೇಗ ಹೋದವನಿಗೆ ವೇದಿಕೆಯ ಮುಂದಿನ ಜಾಗ. ನನ್ನ ಸಂಖ್ಯೆ 77. ಜಪಾನಿ ಭಾಷೆಯಲ್ಲಿ ಏಳಕ್ಕೆ 'ನಾನಾ', ಹತ್ತಕ್ಕೆ 'ಜೂ'. ಹಾಗಾಗಿ ಎಪ್ಪತ್ತೇಳು 'ನಾನಾ ಜೂ ನಾನಾ'. ಕನ್ನಡದ ಕಿವಿಗೆ ಇದು ಮೃಗಾಲಯದ ಬಾಗಿಲಲ್ಲಿ ನಿಂತವನೊಬ್ಬ ಹಿಂದೆ ಮುಂದೆ ನೋಡಿ ಕೇಳುವ ಪ್ರಶ್ನೆಯಂತಿದೆ. ಎಪ್ಪತ್ತರಿಂದ ಮುಂದಕ್ಕೆ ಕೂಗಿದ ಪ್ರತಿ ಸಂಖ್ಯೆಯೂ 'ನಾನಾ' ಎಂದೇ ತೊಡಗುತ್ತಿದ್ದುದರಿಂದ ನಾನು ಪ್ರತಿ ಸಲವೂ ಮುಂದೆ ಹೋದೆ, ಪ್ರತಿ ಸಲವೂ ಬಾಗಿ ನಮಸ್ಕರಿಸಿ ಹಿಂದಕ್ಕೆ ಕಳುಹಿಸಿದರು. ಏಳು ಸಲ ಅವಮಾನವಾದ ಮೇಲೆ ನಿಜವಾದ ನನ್ನ ಸಂಖ್ಯೆ ಬಂದಾಗ, ಇನ್ನು ಮೋಸಹೋಗಲಾರೆನೆಂದು ನಿಂತಲ್ಲೇ ನಿಂತೆ. ಒಳಗೆ ಹೋದದ್ದು ನೂರರ ಆಸುಪಾಸಿನವರ ಜೊತೆ. ಬಾಗಿಲಲ್ಲಿ ಪಾನೀಯಕ್ಕೆಂದು ಕಡ್ಡಾಯವಾಗಿ 600 ಯೆನ್ ಪಡೆದು ಒಂದು ಬಿಲ್ಲೆ ಕೊಟ್ಟರು. ಪಾನೀಯ ಪಡೆಯುವ ಕಟ್ಟೆಗೂ ನನಗೂ ನಡುವೆ ಇನ್ನೂರು ಬೆನ್ನುಗಳಿದ್ದುದರಿಂದ ಆ ಬಿಲ್ಲೆ ಮರುವಾರ ಬಟ್ಟೆ ಒಗೆಯುವ ಯಂತ್ರದಲ್ಲಿ ದೊರೆಯಿತು.

ಇನ್ನು 'ಗುಜ್ಜು'. ತಂಡದ ಹೆಸರು ಮುದ್ರಿಸಿದ ಅಂಗಿ, ಟವೆಲ್ ಮುಂತಾದ ಸರಕುಗಳನ್ನು ಅವರು ಹೀಗೆನ್ನುತ್ತಾರೆ. ಕರಾವಳಿಯವನಾದ ನನಗೆ ಗುಜ್ಜೆ ಪಲ್ಯ ನೆನಪಾಗಿ ಹಸಿವಾಯಿತು. ಅದಕ್ಕೂ ಮೂರು ಗಂಟೆಯ ಸಾಲು. ನನ್ನ ಸರದಿ ಬರುವಷ್ಟರಲ್ಲಿ ಅಂಗಿಗಳಲ್ಲಿ ಮಕ್ಕಳ ಅಳತೆಯವು ಮಾತ್ರ ಉಳಿದಿದ್ದುದರಿಂದ ಟವೆಲ್ ಕೊಂಡೆ. ಕೆಲವು ಹಾಡುಗಳಿಗೆ ಅದನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಬೇಕು. ನಾನು ಉತ್ಸಾಹದಿಂದ ತಿರುಗಿಸಿದಾಗ ಅದು ಕೈತಪ್ಪಿ ನಾಲ್ಕು ಸಾಲು ದಾಟಿ ಒಬ್ಬ ಹೆಂಗಸಿನ ತಲೆಯ ಮೇಲೆ ಬಿತ್ತು. ಹಾಡು ಮುಗಿದ ಮೇಲೆ ಅದು ಇಸ್ತ್ರಿ ಮಾಡಿದಂತೆ ಮಡಿಕೆಯಾಗಿ, ಕೈಯಿಂದ ಕೈಗೆ ದಾಟಿ ನನಗೆ ಮರಳಿತು. ಬೈದಿದ್ದರೆ ಹಗುರವಾಗುತ್ತಿತ್ತು. ಕೈಸನ್ನೆಗಳನ್ನು ಎಲ್ಲರೂ ಒಂದೇ ತಾಳಕ್ಕೆ ಮಾಡುವಾಗ ನಾನೊಬ್ಬನೇ ಅರ್ಧ ಮಾತ್ರೆ ಹಿಂದೆ ಉಳಿಯುತ್ತಿದ್ದೆ. ಗೋಲ್ಡನ್ ಬಾಂಬರ್ ಎಂಬ ತಂಡದವರು ವಾದ್ಯಗಳನ್ನು ನುಡಿಸುವಂತೆ ನಟಿಸುತ್ತಾರೆಯೇ ಹೊರತು ನುಡಿಸುವುದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ನನಗೆ ಅವರಷ್ಟು ಆತ್ಮೀಯರೆನಿಸಿದ ಕಲಾವಿದರು ಬೇರೆ ಇಲ್ಲ.

ಕೊನೆಗೊಮ್ಮೆ ಝನ್ನೆನ್ ನಗರದಿಂದ ಬಿಡುಗಡೆಯಾಗಿ, ನಿಪ್ಪೋನ್ ಬುದೊಕಾನ್‌ಗೆ ಟಿಕೆಟ್ ಸಿಕ್ಕಿತು. 1964ರ ಒಲಿಂಪಿಕ್ಸ್‌ನ ಜೂಡೊ ಸ್ಪರ್ಧೆಗಾಗಿ ಕಟ್ಟಿದ ಎಂಟು ಮೂಲೆಯ ಭವನವದು. 1966ರಲ್ಲಿ ಬೀಟಲ್ಸ್ ಅಲ್ಲಿ ಹಾಡಲು ಬಂದಾಗ, ಸಮರಕಲೆಯ ಮಂದಿರದಲ್ಲಿ ಈ ಗದ್ದಲವೇಕೆಂದು ವಿರೋಧಿಸಿದವರಿದ್ದರು. ಈಗ ಅಲ್ಲಿ ಹಾಡುವುದೇ ತಂಡಗಳ ಪಾಲಿಗೆ ಪಟ್ಟಾಭಿಷೇಕ. ನನ್ನ ಮೆಚ್ಚಿನ ತಂಡ ಎರಡು ಗಂಟೆ ಹಾಡಿ, ಕೈಮುಗಿದಷ್ಟೇ ಭಕ್ತಿಯಿಂದ ಬಾಗಿ, ಒಳಗೆ ಹೋಯಿತು. ಇದಕ್ಕಿಂತ ಸ್ಪಷ್ಟವಾದ ಮಂಗಳ ಉಂಟೇ? ಸಾವಿರಾರು ಜನ ಒಟ್ಟಿಗೆ ಕುದಾನ್‌ಶಿತಾ ನಿಲ್ದಾಣಕ್ಕೆ ನುಗ್ಗುವ ಮೊದಲೇ ತೋಜಾಯ್ ಮಾರ್ಗದ ರೈಲು ಹಿಡಿಯುವ ಬೆಂಗಳೂರಿನ ಬುದ್ಧಿ ತೋರಿಸಿ, ಕುಳಿತವರ ಮೊಣಕಾಲುಗಳನ್ನು ದಾಟಿ ಹೊರಬಂದೆ. ಯಾರೂ ಏಕೆ ಏಳುತ್ತಿಲ್ಲವೆಂದು ಕನಿಕರವೂ ಆಯಿತು. ಹಳೆಯ ಕೋಟೆಯ ತಯಾಸು ಬಾಗಿಲನ್ನು ತಲುಪುವಷ್ಟರಲ್ಲಿ ಹಿಂದಿನಿಂದ ಡ್ರಮ್ಮಿನ ಸದ್ದು, ಅದರ ಬೆನ್ನಿಗೆ ಒಂದು ಮಹಾಘೋಷ. ಅದು 'ಆಂಕೋರು'. ಜನರ ಒತ್ತಾಯಕ್ಕೆ ಮಣಿದಂತೆ ಮರಳಿ ಬಂದು ಹಾಡುವ ಆ ಭಾಗವನ್ನು ತಂಡ ಮೊದಲೇ ಅಭ್ಯಾಸ ಮಾಡಿಕೊಂಡಿರುತ್ತದೆ. ನಾನು ಎರಡು ವರ್ಷ ಕಾದಿದ್ದ ಹಾಡು ಅದರಲ್ಲಿತ್ತು. ಒಮ್ಮೆ ಹೊರಬಂದವನಿಗೆ ಮರುಪ್ರವೇಶವಿಲ್ಲವೆಂಬ ಫಲಕವನ್ನು ಮಾತ್ರ ನಾನು ನಿರರ್ಗಳವಾಗಿ ಓದಬಲ್ಲವನಾಗಿದ್ದೆ.

ಮುಂದಿನ ಸಲ ಯೊಕೊಹಾಮಾ ಅರೀನಾದಲ್ಲಿ, ಯಾರು ಎದ್ದರೂ ನಾನು ಏಳುವುದಿಲ್ಲವೆಂಬ ಶಪಥದೊಡನೆ ಕುಳಿತೆ. ಆಂಕೋರು ಆಯಿತು, ದೀಪಗಳು ಹೊತ್ತಿದವು, ಧ್ವನಿವರ್ಧಕದಲ್ಲಿ ಹೆಣ್ಣುಧ್ವನಿಯೊಂದು ಏನನ್ನೋ ಹೇಳಿತು, ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಕಾರ್ಯಕ್ರಮ ಮುಗಿಯಿತೆಂಬ ಪ್ರಕಟಣೆಗೂ ಅವರು ಚಪ್ಪಾಳೆ ತಟ್ಟುತ್ತಾರೆಂದು ತಿಳಿಯದ ನಾನು ಎರಡನೆಯ ಆಂಕೋರಿಗೆ ಟವೆಲ್ ಎತ್ತಿ ಬೀಸತೊಡಗಿದೆ. ನೂಕುನುಗ್ಗಲಾಗದಂತೆ ಒಂದೊಂದೇ ವಿಭಾಗವನ್ನು ಕರೆದು ಹೊರಗೆ ಕಳುಹಿಸುವುದೂ ಅಲ್ಲಿನ ಕ್ರಮ. ನಮ್ಮ ವಿಭಾಗವನ್ನು ಯಾವಾಗ ಕರೆದರೋ ತಿಳಿಯಲಿಲ್ಲ. ಕಣ್ಣು ತೆರೆದು ನೋಡಿದಾಗ ಸಾಲಿನಲ್ಲಿ ನಾನು, ಟವೆಲ್, ಎದುರಿಗೆ ಕೈಗವಸು ತೊಟ್ಟ ಸಿಬ್ಬಂದಿಯೊಬ್ಬ. ಆತ ನನ್ನತ್ತ ಅಂಗೈ ಚಾಚಿದಾಗ ಗಾಬರಿಯಲ್ಲಿ ಕನ್ನಡವೇ ಹೊರಬಿತ್ತು: "ನಾನಾ?"

ಆತ ಬಾಗಿ ಆಸನದ ಸಂಖ್ಯೆಯನ್ನು ನೋಡಿದ. ಹೌದೆಂಬರ್ಥದಲ್ಲಿ "ಹಾಯ್, ನಾನಾ" ಎಂದ.

ಏಳು ಎಂದ ಮೇಲೆ ಇನ್ನೇನು ಮಾಡುವುದು? ಎದ್ದೆ.