12 ಲಕ್ಷದ ಟ್ಯಾಕ್ಸ್ ಮೆಸೇಜ್ ಬಗ್ಗೆ ಸ್ಪಷ್ಟನೆ

ನಮ್ಮ ಹಾಸನದ ಬಡಾವಣೆ ಗ್ರೂಪಲ್ಲಿ ನಾನೇ ಹಾಕಿದ್ದ ಮೆಸೇಜ್ ಈಗ ಊರೆಲ್ಲಾ ಓಡಾಡ್ತಿದೆ, "ಆದಾಯ 13 ಲಕ್ಷ ಇದ್ರೂ ಮೇಲಿನ 1 ಲಕ್ಷಕ್ಕೆ ಮಾತ್ರ ಟ್ಯಾಕ್ಸ್, 15 ಸಾವಿರ ಅಷ್ಟೇ" ಅಂತ. ಅದು ತಪ್ಪು, ಕ್ಷಮಿಸಿ. 2025ರ ಬಜೆಟ್‌ನಲ್ಲಿ ಹೊಸ ತೆರಿಗೆ ಪದ್ಧತಿಗೆ 12 ಲಕ್ಷದವರೆಗೆ ಕೊಟ್ಟಿರೋದು ರಿಬೇಟ್, ಅಂದ್ರೆ ಲೆಕ್ಕ ಹಾಕಿದ ತೆರಿಗೆಯನ್ನ ಮನ್ನಾ ಮಾಡೋದು, 13 ಲಕ್ಷಕ್ಕೆ ಅದು ಸಿಗಲ್ಲ. ತೆರಿಗೆ ಸ್ಲ್ಯಾಬ್ (ದರದ ಹಂತ) ಶುರುವಾಗೋದು 4 ಲಕ್ಷದ ಮೇಲಿಂದಲೇ, ಹಾಗಾಗಿ ತೆರಿಗೆ ಬೀಳೋ ಆದಾಯ 13 ಲಕ್ಷ ಆದ್ರೆ 4ರಿಂದ 8 ಲಕ್ಷಕ್ಕೆ 20, 8ರಿಂದ 12ಕ್ಕೆ 40, ಕೊನೆಯ 1 ಲಕ್ಷಕ್ಕೆ 15 ಸೇರಿ 75 ಸಾವಿರ, ಆ ತೆರಿಗೆ ಮೇಲೆ ಬೀಳೋ ಸೆಸ್ ಹಾಕಿದ್ರೆ 78 ಸಾವಿರ. ಬರೀ ಸಂಬಳದವ್ರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಲ್ಲಿ ಮೊದಲೇ ಕಳೆಯೋ 75 ಸಾವಿರ) ಸೇರಿಸಿ 12.75 ಲಕ್ಷದವರೆಗೆ ಏನೂ ಬರಲ್ಲ. ಬಾಡಿಗೆ, ಮಕ್ಕಳ ಫೀಸು ಎಲ್ಲಾ ಏರಿರೋವಾಗ ಇಂಕ್ರಿಮೆಂಟ್ ಬಂತು ಅಂತ ನನ್ನ ಲೆಕ್ಕ ನಂಬಿ ಯಾರಾದ್ರೂ ಹೊಸ ಇಎಂಐ ಮಾಡ್ಕೊಂಡ್ರೆ ಅಂತ ನಂಗೆ ಭಯ. ದಯವಿಟ್ಟು ಹಳೇದನ್ನ ಫಾರ್ವರ್ಡ್ ಮಾಡ್ಬೇಡಿ, ಆಗ್ಲೇ ಕಳಿಸಿದ್ರೆ ಅವ್ರಿಗೆ ಇದನ್ನೂ ಕಳಿಸಿ.